ಅತ್ತೆಯ ಟಾರ್ಚು, ಮಗಳ ದವಡೆ ಹಲ್ಲು

ಗುಬ್ಬಿಯಲ್ಲಿರುವ ನನ್ನ ಸೋದರತ್ತೆಯನ್ನು ಕಂಡರೆ ನಮ್ಮ ಬಳಗದ ಮಕ್ಕಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ. ಇದು ಗೌರವವಲ್ಲ, ಆತ್ಮರಕ್ಷಣೆ! ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಳ್ಳುವ ಹೆಂಗಸರನ್ನು ನೀವು ನೋಡಿರುತ್ತೀರಿ. ಇವಳು ಟಾರ್ಚು ಸಿಕ್ಕಿಸಿಕೊಂಡಿರುತ್ತಾಳೆ. ಕುಣಿಗಲ್ಲಿನ ಮದುವೆಯೊಂದರಲ್ಲಿ ಎಲ್ಲರೂ ಅಕ್ಷತೆ ಹಿಡಿದು ಮುಹೂರ್ತಕ್ಕೆ ಕಾಯುತ್ತಿದ್ದರೆ, ಅತ್ತೆ ಗಂಡಿನ ಕಡೆಯ ನಾಲ್ಕು ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ಬಾಯಿ ತಪಾಸಣೆ ನಡೆಸಿದ್ದಳು.

"ಏನಮ್ಮಾ, ಹೆಣ್ಣು ಕೊಡೋಕೆ ಮುಂಚೆ ಹಲ್ಲು ನೋಡ್ತಿದೀರಾ?" ಎಂದು ಗಂಡಿನ ಚಿಕ್ಕಪ್ಪ ಛೇಡಿಸಿದರು.

"ನಿಮ್ದೂ ತೋರ್ಸಿ, ನೋಡೇ ಬುಡ್ತೀನಿ."

ಆ ಮನುಷ್ಯ ಊಟಕ್ಕೆ ಕೂರುವವರೆಗೂ ಬಾಯಿ ಬಿಡಲಿಲ್ಲ.

ಇಷ್ಟೆಲ್ಲ ಮಾಡುವವಳು ತಾನು ನಗುವಾಗ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಅಟ್ಟದ ತುಂಬ ಕೊಬ್ಬರಿ ಇದ್ದರೂ ಒಂದು ಚೂರು ಬಾಯಿಗೆ ಹಾಕಿದವಳಲ್ಲ. ಮೂರು ಹೊತ್ತೂ ಮುದ್ದೆ. "ಮುದ್ದೆ ಅಗಿಯೋರು ಬೆಂಗ್ಳೂರೋರು, ನಾವು ನುಂಗೋರು" ಎಂಬ ಜಂಬ ಬೇರೆ.

ಹೋದ ತಿಂಗಳು ತುಮಕೂರಿನ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ನನ್ನ ಏಳು ವರ್ಷದ ಮಗಳ ಬಾಯಿಗೆ ಟಾರ್ಚು ಬಿತ್ತು.

"ಏನ್ಲಾ, ಹಿಂದ್ಗಡೆ ಹೊಸ ದವಡೆ ಹಲ್ಲು ಬಂದವೆ. ನೋಡಿದ್ದೀಯಾ?"

"ಹಾಲು ಹಲ್ಲು ಕಣತ್ತೆ. ಬಿದ್ದೋಗ್ತವೆ."

"ಯಾವ್ದೂ ಬೀಳ್ದಲೆ ಹಿಂದೆ ಹುಟ್ಟಿರೋದು ಹಾಲು ಹಲ್ಲು ಹೆಂಗಾಯ್ತದ್ಲಾ? ಸಾಯೋಗಂಟ ಇರ್ಬೇಕಾದ್ದು ಕಣೋ ಅವು. ನಡಿ ಡಾಕ್ಟ್ರತ್ರ."

ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಹುಡುಕಿ ಮಾಲು ವಾಪಸ್ ಕಳಿಸುವ ಇನ್‌ಸ್ಪೆಕ್ಟರ್ ನಾನು. ಮಗಳ ಬಾಯೊಳಗೆ ಒಮ್ಮೆಯೂ ಇಣುಕಿರಲಿಲ್ಲ!

ಹಲ್ಲಿನ ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಫ್ಲೋರೈಡ್ ವಾರ್ನಿಶ್ ಎಂದರೆ ಹುಳುಕು ಹಿಡಿಯದಂತೆ ಎಲ್ಲ ಹಲ್ಲಿಗೂ ಬಳಿಯುವ ಲೇಪ. ನಿಮಿಷದ ಕೆಲಸ, ಆದರೆ ಆರು ತಿಂಗಳಿಗೊಮ್ಮೆ ಬಳಿಯುತ್ತಿರಬೇಕು. ಸೀಲೆಂಟ್ ಎಂದರೆ ದವಡೆ ಹಲ್ಲಿನ ಮೇಲಿನ ಆಳವಾದ ಗೀರುಗಳನ್ನೇ ಮುಚ್ಚುವುದು. ವರ್ಷಗಟ್ಟಲೆ ನಿಲ್ಲುತ್ತದೆ, ಆದರೆ ಹಚ್ಚುವಾಗ ಜೊಲ್ಲು ತಾಗಿದರೆ ಹಿಡಿಯುವುದಿಲ್ಲ, ಮುಗಿಯುವವರೆಗೂ ಬಾಯಿ ತೆರೆದೇ ಇರಬೇಕು.

"ಒಂದು ನೆಲ ಸಾರಿಸ್ದಂಗೆ, ಇನ್ನೊಂದು ಬಿರುಕಿಗೆ ಗಾರೆ ಮೆತ್ದಂಗೆ" ಎಂದಳು ಅತ್ತೆ.

"ಎರಡೂ ಒಳ್ಳೇದೇ ಅಜ್ಜಿ. ಮಗು ಬಾಯಿ ತೆರೆದು ಕೂರೋ ಹಾಗೆ ಕಾಣಲ್ಲ. ಇವತ್ತಿಗೆ ವಾರ್ನಿಶ್ ಮಾಡೋಣ."

"ಆರಾರು ತಿಂಗ್ಳಿಗೂ ಕರ್ಕಂಬರೋ ಗಿರಾಕಿ ಅಲ್ಲ ಇವ್ನು. ಗಾರೆನೇ ಮೆತ್ತಿ. ಕುಂತ್ಕತಾಳೆ."

"ಅತ್ತೆ, ಡಾಕ್ಟ್ರೇ ಹೇಳ್ತಾವ್ರಲ್ಲ, ಬುಡು" ಎಂದೆ.

"ನೀನು ಬಾಯಿ ಮುಚ್ಚು. ಅವ್ಳು ತೆಗೀತಾಳೆ."

ಸ್ಟೂಲು ಎಳೆದು ಮಗಳಿಗೆ ಕಾಣುವಂತೆ ಕುಳಿತಳು. "ನಾನು ಮುಚ್ಚೋಗಂಟ ನೀನೂ ಮುಚ್ಚಂಗಿಲ್ಲ" ಎಂದು ಸೆರಗು ಸರಿಸಿ, ದೊಡ್ಡದಾಗಿ ಬಾಯಿ ತೆರೆದಳು.

ಮುಂದಿನ ಹಲ್ಲುಗಳ ಹಿಂದೆ, ಎರಡೂ ಕಡೆ, ಬರೀ ವಸಡು. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಡಾಕ್ಟರು, ನರ್ಸು, ನಾನು ಎಲ್ಲರೂ ನೋಡಿದೆವು. ಅವಳು ಕ್ಯಾರೇ ಅನ್ನಲಿಲ್ಲ. ಡಾಕ್ಟರಮ್ಮ ಮಗಳ ನಾಲ್ಕೂ ದವಡೆ ಹಲ್ಲಿಗೆ ಸೀಲೆಂಟ್ ಹಚ್ಚಿ ಮುಗಿಸುವಷ್ಟರಲ್ಲಿ ಅತ್ತೆಯ ದವಡೆ ನಡುಗುತ್ತಿತ್ತು. ಮುಚ್ಚಲಿಲ್ಲ. ಮಗಳೂ ಮುಚ್ಚಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ, ಅವಳ ಹಲ್ಲುಗಳು ಯಾವಾಗ ಹೋದವು ಎಂದು.

"ಹನ್ನೆರಡು ವರ್ಸಕ್ಕೇ ಹುಳುಕಾಗಿ ಕೀಳಕ್ಕೆ ಶುರು. ಹಾಲು ಹಲ್ಲು, ಬಿದ್ದೋಗ್ತವೆ ಅಂದಿದ್ದ ನಮ್ಮಪ್ಪ."

ನನಗೆ ತಲೆ ಎತ್ತಲು ನಾಚಿಕೆಯಾಯಿತು.

ಮುಂದಿನ ಭಾನುವಾರ ಗುಬ್ಬಿಗೆ ಹೋದೆವು. ಮಗಳು ಅಟ್ಟದಿಂದ ಇಳಿಸಿದ ಕೊಬ್ಬರಿಯನ್ನು ಹಿಂದಿನ ಹಲ್ಲಿಗೆ ಕೊಟ್ಟು ಕಟಕಟ ಅಗಿಯತೊಡಗಿದಳು. ಅತ್ತೆ ಅವಳ ಕೆನ್ನೆಗೆ ಕಿವಿ ಹಚ್ಚಿ ಕುಳಿತಳು.

"ಇನ್ನೊಂದ್ಕಿತ ಅಗಿ ಮಗ. ಜೋರಾಗಿ."

ಕಟಕಟ. ಅತ್ತೆ ಗಟ್ಟಿಯಾಗಿ ನಕ್ಕಳು. ಸೆರಗು ಹೆಗಲ ಮೇಲೇ ಇತ್ತು.