ಹಗಲು ಓಡಿಸಿದ ಮಗಳು

ನಾಲ್ಕು ಮಂದಿಯ ಮುಂದೆ ಏನನ್ನೇ ಇಟ್ಟು ನೋಡಿರಿ, ನಾವು ತೋರಿಸಿದ್ದು ಒಂದು, ಅವರು ಕಂಡದ್ದು ಇನ್ನೊಂದು. ನನ್ನ ಮಗಳು ಜಮಖಂಡಿಯಲ್ಲಿ ಕಾಲೇಜು ಕಲಿಯುತ್ತಾಳೆ. ಗೆಳತಿಯರೊಡನೆ ಕೂಡಿ ಒಂದು ಸಣ್ಣ ಸಿನಿಮಾ ಮಾಡಿದಳು. ಅದರ ಟ್ರೇಲರಿಗೆಂದು ತಾನೊಬ್ಬಳೇ ಕೂತು ಟೈಮ್‌ಲ್ಯಾಪ್ಸ್ ತೆಗೆದಳು. ಅಂದರೆ ಇಡೀ ಹಗಲನ್ನು ಅರ್ಧ ನಿಮಿಷದಲ್ಲಿ ಓಡಿಸಿ ತೋರಿಸುವುದು. ಅವಳ ಸರ್, "ಎಲ್ಲಿ ತೆಗೆದೀಯೋ ಅಲ್ಲಿ ಮಂದಿಗೆ ತೋರಿಸಿ ಕೇಳ್ಕೊಂಡು ಬಾ. ಬ್ಯಾಡ ಅಂದದ್ದನ್ನ ಕತ್ತರಿಸೂಣು" ಎಂದರು. ಪೂಜೆ ಮುಗಿಸಿ, ಬೈಕಿನ ಮೇಲೆ ಅವಳನ್ನು ಕರೆದೊಯ್ಯುವ ಕೆಲಸ ನನ್ನದಾಯಿತು.

ಬನಹಟ್ಟಿಯ ಮಗ್ಗ

ದಿನವಿಡೀ ನೇಯ್ದ ಸೀರೆ ಫೋನಿನಲ್ಲಿ ನೋಡನೋಡುತ್ತ ಮುಗಿಯಿತು. ನೇಕಾರ ಎದ್ದುಹೋಗಿ ಬಾಗಿಲು ಹಾಕಿ ಬಂದ.

"ಛಲೋ ಐತಿ ತಂಗಿ. ಆದರ ಇದನ್ನ ತೆಗೆದುಬಿಡು."

"ಯಾಕ್ರೀ ಕಾಕಾ?"

"ನಮ್ಮ ಸಾವಕಾರ ನೋಡಿದನಂದ್ರ ನಾಳಿಂದ ಇದೇ ಸ್ಪೀಡಿನಾಗ ನೇಯಿ ಅಂತಾನ."

ಮುಧೋಳದ ನಾಯಿ

ಮುಧೋಳದ ಹತ್ತಿರ ನಾಯಿಮರಿ ಮಾರುವವನೊಬ್ಬನ ಅಂಗಳ. ಫೋನಿನಲ್ಲಿ ಮೋಡ ಓಡಿದವು, ನೆರಳು ಓಡಿತು, ಕೋಳಿಗಳಂತೂ ಹಾರಿದವು. ಅವನ ಬೇಟೆನಾಯಿ ಮಾತ್ರ ಬೇವಿನ ಬುಡದಲ್ಲಿ ಕಾಲು ಚಾಚಿ ಮಲಗಿತ್ತು.

"ಏ ತಂಗಿ, ಓಡಾಕಂತ ಹುಟ್ಟಿದ್ದು ಇದೊಂದ. ಅದೊಂದನ್ನ ಬಿಟ್ಟು ಊರೆಲ್ಲಾ ಓಡಿಸೀಯಲ್ಲ! ಇದನ್ನ ನೋಡಿದ್ರ ನಮ್ಮ ಮರಿ ಯಾರ್ ಒಯ್ತಾರ? ಕೋಳಿ ಕೇಳ್ಕೊಂಡು ಬರ್ತಾರ!"

ಬೀಳಗಿಯ ಸೂರ್ಯ

ಬೀಳಗಿಯಲ್ಲಿ ನನ್ನ ಅಕ್ಕನ ಮನೆ. ಹಿನ್ನೀರಿನ ಮೇಲೆ ಹೊತ್ತು ಮುಳುಗಿ, ಎದುರು ದಿಕ್ಕಿನಲ್ಲಿ ಮತ್ತೆ ಹುಟ್ಟುವುದನ್ನು ಅಕ್ಕನ ಅತ್ತೆಗೆ ತೋರಿಸಿದೆವು. ಸೂರ್ಯ ಮುಳುಗಿದ ಕೂಡಲೇ ಮುದುಕಿ ಕೈಮುಗಿದು ಒಳಗೆ ಕೂಗಿದಳು:

"ಸಂಜಿ ಆತು, ದೀಪಾ ಹಚ್ಚು!"

ನಡು ಮಧ್ಯಾಹ್ನ. ಅಕ್ಕ ಎಣ್ಣೆ ಹಾಕುವಷ್ಟರಲ್ಲಿ ಫೋನಿನಲ್ಲಿ ಸೂರ್ಯ ಹುಟ್ಟಿದ.

"ಬೆಳಗಾತು, ಅಂಗಳದ ಕಸಾ ಹೊಡಿ!"

ಅಕ್ಕ ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಎಲ್ಲಾ ಖರೆ. ನಾ ಮಲಗೂ ರಾತ್ರಿ ಯಾರ್ ತಿಂದ್ರಿ? ಇಂಥಾ ಸಿನಿಮಾ ನಮಗ ಬ್ಯಾಡ!"

ನಮ್ಮ ಓಣಿ

ಉಳಿದದ್ದು ಒಂದೇ ತುಣುಕು. ಶ್ರಾವಣ ಸೋಮವಾರ ನಮ್ಮ ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತು ತೆಗೆದ ಓಣಿ. ಇದೂ ಹೋದರೆ ಟ್ರೇಲರಿನಲ್ಲಿ ಅವಳು ತೆಗೆದದ್ದು ಏನೂ ಇರುತ್ತಿರಲಿಲ್ಲ. ಮಗಳ ಮುಖ ಬಾಡಿತ್ತು.

ಓಣಿಯವರು ಕಟ್ಟೆಯ ಮೇಲೆ ಕೂತು ನೋಡಿದರು. ಎದುರು ಮನೆಯ ಹಿರಿಯರು ಆ ಸೋಮವಾರ ನೀರೂ ಮುಟ್ಟದೆ ಉಪವಾಸ ಇದ್ದೆನೆಂದು ಎಲ್ಲರಿಗೂ ಹೇಳಿದ್ದರು. ಫೋನಿನಲ್ಲಿ ಅವರು ಮನೆಯಿಂದ ಹೊರಟರು, ಮೂಲೆಯ ಭಜಿ ಗಾಡಿಗೆ ಹೋದರು, ಬಾಯಿ ಒರೆಸಿಕೊಳ್ಳುತ್ತ ಬಂದರು. ಮತ್ತೆ ಹೊರಟರು, ಗಾಡಿಗೆ ಹೋದರು, ಬಂದರು. ಸಂಜೆತನಕ ಇದೇ.

ಅವರ ಹೆಂಡತಿ ಫೋನು ಕಸಿದುಕೊಂಡರು. "ಇದನ್ನ ಕತ್ತರಿಸಬ್ಯಾಡವಾ. ಭಾಳ ಛಲೋ ಬಂದೈತಿ. ಸ್ವಲ್ಪ ಸಾವಕಾಶ ಓಡಿಸಿದಿ ಅಂದ್ರ ಇನ್ನೂ ಛಲೋ."

ಓಣಿಯೆಲ್ಲ ಹೌದೆಂದಿತು. ತುಣುಕು ಉಳಿಯಿತು. ಮಗಳ ಮುಖ ಅರಳಿತು. ಹಿರಿಯರತ್ತ ತಿರುಗಿ ಕೇಳಿದಳು:

"ನೀವೇನಂತೀರಿ ಕಾಕಾ?"

ಅವರು ಹಣೆಯ ವಿಭೂತಿ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು:

"ಇರಲಿ ಬಿಡವಾ. ಆದರ ಇನ್ನಷ್ಟು ಜೋರ ಓಡಸು."