ಮುಂದಿನ ಅಧ್ಯಾಯದ ಮಾಲೀಕರ ಹೆಂಡತಿಯ ಅರಿಕೆ

ಮಾನ್ಯ ಮುಖ್ಯ ಸಂತೋಷಾಧಿಕಾರಿಗಳಿಗೆ,
ಜನ ಮತ್ತು ನಲಿವು ವಿಭಾಗ, ಏಳನೇ ಮಹಡಿ

ಮಾನ್ಯರೇ,

ತಾವೂ ತಮ್ಮ ವಿಭಾಗದ ಬಣ್ಣಬಣ್ಣದ ಬೀನ್ ಬ್ಯಾಗುಗಳೂ ಕ್ಷೇಮವೆಂದು ನಂಬಿ, ಆಸ್ಪತ್ರೆಯೊಂದರ ಔಷಧ ವಿತರಣೆಯ ಮೂರನೇ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನಿಂತು ಕಾಲು ಊದಿಸಿಕೊಂಡಿರುವ ನಾನು ತಮಗೆ ಸವಿನಯವಾಗಿ ವಂದಿಸುತ್ತೇನೆ. ಬರವಣಿಗೆ ನನಗೂ ಹೊಸದೇನಲ್ಲ. ದಿನಕ್ಕೆ ಮುನ್ನೂರು ಲಕೋಟೆಗಳ ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ’ ಎಂದು ಬರೆಯುತ್ತೇನೆ. ಓದಿದವರು ಹಾಗೆಯೇ ನುಂಗುತ್ತಾರೆ, ಬಹುಪಾಲು ಮಂದಿ ಗುಣವಾಗುತ್ತಾರೆ. ಇಷ್ಟು ಬಡ ಶೈಲಿಯವಳು ತಮ್ಮಂಥ ಶೈಲಿಕಾರರಿಗೆ ಕಾಗದ ಬರೆಯುವ ಉದ್ಧಟತನವನ್ನು ತಾವು ಮನ್ನಿಸಬೇಕು.

ನನ್ನ ಗಂಡ ತಮ್ಮ ಕಂಪನಿಯಲ್ಲಿ ಹದಿನಾಲ್ಕು ವರ್ಷ ಪರೀಕ್ಷಕರಾಗಿದ್ದರು. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ಬಗ್ ಎಂಬ ತಪ್ಪುಗಳನ್ನು ಹುಡುಕುವುದೇ ಅವರ ಕೆಲಸವಾದ್ದರಿಂದ ಅಲ್ಲಿ ಎಲ್ಲರ ಬಾಯಲ್ಲೂ ಅವರು ಬಗ್ಗಣ್ಣ. ತಮ್ಮ ವಿಭಾಗದ ಭಾಷೆಯನ್ನು ಅವರಷ್ಟು ಶ್ರದ್ಧೆಯಿಂದ ಕಲಿತವರು ಇನ್ನೊಬ್ಬರಿರಲಾರರು. ಗ್ಯಾಸ್ ಬುಕ್ ಮಾಡಿದಿರಾ ಎಂದು ಕೇಳಿದರೆ ‘ಅದು ಪೈಪ್‌ಲೈನಲ್ಲಿದೆ’ ಎನ್ನುತ್ತಿದ್ದರು. ನಮ್ಮದು ಸಿಲಿಂಡರಿನ ಮನೆ. ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಪ್ಪ ಎಂದು ನಮ್ಮತ್ತೆ ಅಡುಗೆಮನೆಯಲ್ಲಿ ಎದುರಿಗೆ ನಿಂತು ಕೇಳಿದರೆ, ‘ಅದನ್ನ ಆಫ್‌ಲೈನ್ ಮಾತಾಡೋಣಮ್ಮ’ ಎಂದು ಪಕ್ಕದ ಕೋಣೆಗೆ ಹೋಗುತ್ತಿದ್ದರು. ಅತ್ತೆ ಅದನ್ನು ಯಾವುದೋ ಹೊಸ ಚಿಕಿತ್ಸೆಯೆಂದುಕೊಂಡು ಮೂರು ತಿಂಗಳು ಕಾದರು. ಇಷ್ಟೆಲ್ಲ ಪಾಂಡಿತ್ಯವಿದ್ದ ಮನುಷ್ಯನಿಗೂ ಅರ್ಥವಾಗದಂತೆ ತಾವೊಂದು ಪತ್ರ ಬರೆದಿರಿ ಎಂಬುದೇ ತಮ್ಮ ಪ್ರತಿಭೆಗೆ ಸಾಕ್ಷಿ.

ಆ ಪತ್ರ ಗುರುವಾರ ಮಧ್ಯಾಹ್ನ ಬಂತು. ತಮಗೆ ನೆನಪಿರಲಾರದು, ಅದೇ ದಿನ ತಾವು ಅಂಥವನ್ನು ಹಲವು ಮಂದಿಗೆ ಕಳಿಸಿದ್ದಿರಂತೆ, ನನಗೆ ಬಾಯಿಪಾಠವಾಗಿದೆ. ‘ಪ್ರಿಯ ಸಹಯಾತ್ರಿ, ನಮ್ಮ ಕುಟುಂಬವು ಹೊಸ ಎತ್ತರಕ್ಕೆ ಜಿಗಿಯುತ್ತಿರುವ ಈ ರೋಮಾಂಚಕ ಘಟ್ಟದಲ್ಲಿ ನಿಮ್ಮ ಪಾತ್ರವು ಅರ್ಥಪೂರ್ಣ ಪರಿವರ್ತನೆಗೆ ಒಳಗಾಗಲಿದೆ. ಸೋಮವಾರದಿಂದ ನಿಮ್ಮ ಮುಂದಿನ ಅಧ್ಯಾಯಕ್ಕೆ ನೀವೇ ಮಾಲೀಕರು. ನಿಮ್ಮ ಪೂರ್ಣ ಬ್ಯಾಂಡ್‌ವಿಡ್ತ್ ಅನ್‌ಲಾಕ್ ಆಗುವ ಈ ಕ್ಷಣವನ್ನು ನಿಮ್ಮೊಂದಿಗೆ ಸಂಭ್ರಮಿಸುತ್ತೇವೆ.’ ಕೆಳಗೆ ರಾಕೆಟ್ಟಿನ ಚಿತ್ರ, ಅದರ ಕೆಳಗೆ ತಮ್ಮ ಸಹಿ.

ಮಾಲೀಕರು ಎಂಬ ಮಾತನ್ನು ನೋಡಿ ನನ್ನ ಗಂಡ ಕರಗಿಹೋದರು. ಹದಿನಾಲ್ಕು ವರ್ಷ ಪ್ರತಿ ಮೀಟಿಂಗಿನಲ್ಲೂ ‘ಓನರ್‌ಶಿಪ್ ತಗೊಳ್ಳಿ, ಓನರ್‌ಶಿಪ್ ತಗೊಳ್ಳಿ’ ಎಂದು ಅವರಿಗೆ ಹೇಳಲಾಗಿತ್ತು. ಕೊನೆಗೂ ಕೊಟ್ಟರಲ್ಲ ಎಂದುಕೊಂಡರು. ನನಗೆ ಫೋನ್ ಮಾಡಿ, ‘ನಂಗೆ ಪ್ರಮೋಶನ್ ಆಗಿದೆ ಅನ್ಸುತ್ತೆ ಕಣೇ, ಪೂರ್ತಿ ಟೀಮೇ ನಂಗೆ ಬರಬಹುದು’ ಎಂದರು. ನಾನು ಪಕ್ಕದ ಕಿಟಕಿಯವಳಿಗೆ ಕೆಲಸ ಒಪ್ಪಿಸಿ ಬೇಗ ಹೊರಟು, ದಾರಿಯಲ್ಲಿ ಅವರಿಗೆ ನೀಲಿ ಗೆರೆಯ ಅಂಗಿ ಕೊಂಡೆ. ಅತ್ತೆ ಏಳು ಮನೆಗಳಿಗೆ ಫೋನ್ ಮಾಡಿದರು. ಅದರಲ್ಲಿ ಎರಡು ಮನೆಯವರ ಜೊತೆ ಅವರಿಗೆ ವರ್ಷಗಳಿಂದ ಮಾತಿರಲಿಲ್ಲ, ಹೊಟ್ಟೆ ಉರಿಯಲಿ ಎಂದೇ ಮಾಡಿದರು. ಭಾನುವಾರ ಎಲ್ಲರೂ ಬಂದು ಕೇಕು ತಿಂದು, ನನ್ನ ಗಂಡನ ಬೆನ್ನು ತಟ್ಟಿ ಹೋದರು.

ನಮ್ಮ ಮಗಳೊಬ್ಬಳೇ ಕೇಕಿಗೆ ಕೈ ಹಾಕದೆ ಆ ಪತ್ರವನ್ನು ಎರಡು ಸಲ ಓದಿದಳು. ಹದಿನಾರು ವರ್ಷದವಳು, ಅವಳೂ ಅವಳ ಗೆಳತಿಯರೂ ಮೊಬೈಲಿನಲ್ಲಿ ಆಡುವ ಭಾಷೆ ನನಗೆ ಅರ್ಧಕ್ಕರ್ಧ ತಿಳಿಯದು, ಆದರೆ ಅದಕ್ಕೊಂದು ಅರ್ಥವಿರುತ್ತದೆ ಎಂಬುದು ಈಗ ಗೊತ್ತಾಗಿದೆ. ‘ಅಮ್ಮಾ, ಇದರ ವೈಬ್ ಸರಿ ಇಲ್ಲ. ಬ್ರೇಕಪ್ ಮಾಡ್ಕೊಳ್ಳೋರು ಹಿಂಗೇ ಬರೀತಾರೆ. ನೀನು ತುಂಬ ಒಳ್ಳೆಯವನು, ನಿನ್ನ ದಾರಿ ನಿಂಗೆ, ಆಲ್ ದ ಬೆಸ್ಟ್ ಅಂತ. ಆಮೇಲೆ ಘೋಸ್ಟ್ ಮಾಡ್ತಾರೆ, ಫೋನೂ ಎತ್ತಲ್ಲ’ ಎಂದಳು. ಅಪ್ಪನ ಸಂತೋಷದ ದಿನ ಅಪಶಕುನ ನುಡಿಯಬೇಡ ಎಂದು ನಾನೇ ಗದರಿ, ಅವಳನ್ನು ತಟ್ಟೆ ತೊಳೆಯಲು ಕಳಿಸಿದೆ. ಅವಳ ಬಳಿ ಆಮೇಲೆ ಕ್ಷಮೆ ಕೇಳಿದ್ದೇನೆ. ತಾವೂ ಕೇಳಬೇಕೆಂದು ನಾನು ಒತ್ತಾಯಿಸುವುದಿಲ್ಲ. ತಾವು ಕೇಳಿದರೆ ಅದು ಕ್ಷಮೆಯೆಂದು ಅವಳಿಗೆ ತಿಳಿಯುವ ಭರವಸೆ ನನಗಿಲ್ಲ.

ಸೋಮವಾರ ಅವರು ಹೊಸ ಅಂಗಿ ತೊಟ್ಟು ಹೋದರು. ಗೇಟಿಗೆ ಕಾರ್ಡು ಹಿಡಿದರೆ ಕೆಂಪು ದೀಪ. ಹೊಸ ಹುದ್ದೆಗೆ ಹೊಸ ಕಾರ್ಡು ತಯಾರಾಗುತ್ತಿರಬೇಕು ಎಂದುಕೊಂಡು, ‘ಇಲ್ಲಿ ಎಲ್ಲರೂ ಮನೆಯವರು’ ಎಂದು ಹಿಂದಿನ ಗೋಡೆಯ ಮೇಲೆ ಬರೆದಿರುವ ಆ ಹಳದಿ ಸೋಫಾದಲ್ಲಿ ನಲವತ್ತು ನಿಮಿಷ ಕುಳಿತರು. ಅವರ ತಂಡದ ಮುಖ್ಯಸ್ಥನಿಗೆ ಫೋನ್ ಮಾಡಿದರೆ ಆ ಪುಣ್ಯಾತ್ಮ, ‘ಬಗ್ಗಣ್ಣ, ಇದು ದೊಡ್ಡ ಟ್ರಾನ್ಸಿಶನ್. ನಿಮಗೆ ಬೇಕಾದಷ್ಟು ಸ್ಪೇಸ್ ಕೊಡ್ಬೇಕು ಅಂತ ನಾವೆಲ್ಲ ತೀರ್ಮಾನ ಮಾಡಿದೀವಿ’ ಎಂದನಂತೆ. ನನ್ನ ಗಂಡ ಅದನ್ನು ಪ್ರತ್ಯೇಕ ಕೋಣೆ ಎಂದು ಅರ್ಥ ಮಾಡಿಕೊಂಡು, ‘ಕಿಟಕಿ ಪಕ್ಕ ಸಿಕ್ಕಿದ್ರೆ ಒಳ್ಳೇದು ಸಾರ್’ ಎಂದರು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಇಲ್ಲಿಯವರೆಗೂ ಎಲ್ಲವೂ ತಮ್ಮ ಇಚ್ಛೆಯಂತೆಯೇ ನಡೆದಿತ್ತು. ಕೆಡಿಸಿದವರು ತಮ್ಮ ಗೇಟಿನ ಗಾರ್ಡು. ಮೊದಲು ಬಸ್ ಕಂಡಕ್ಟರಾಗಿದ್ದು ನಿವೃತ್ತರಾದ ಮೇಲೆ ಈ ಕೆಲಸಕ್ಕೆ ಬಂದ ಮನುಷ್ಯ. ಯಾವ ಸ್ಟಾಪಿನಲ್ಲಿ ಯಾರು ಇಳಿಯಬೇಕು ಎಂದು ಮೂವತ್ತು ವರ್ಷ ಕೂಗಿ ಹೇಳಿದವರು. ಅವರು ಬಂದು ನನ್ನ ಗಂಡನ ಪಕ್ಕ ಕುಳಿತು, ‘ಸಾರ್, ನಿಮ್ಮನ್ನ ಕೆಲಸದಿಂದ ತೆಗೆದಿದಾರೆ. ಒಳಗೆ ಬಿಡಬಾರದು ಅಂತ ನನ್ನ ಹತ್ರ ಪಟ್ಟಿ ಇದೆ, ನಿಮ್ಮ ಹೆಸರು ಒಂಬತ್ತನೇದು. ನೀರು ಕೊಡ್ಲಾ?’ ಎಂದರು. ತಮ್ಮ ಏಳು ಮಹಡಿಯ ಕಟ್ಟಡದಲ್ಲಿ ಅಂದು ಆಡಿದ ಮಾತುಗಳಲ್ಲಿ ತಲೆಬುಡವಿದ್ದದ್ದು ಅಷ್ಟೇ ಎಂದು ನಾನು ನಂಬಿದ್ದೇನೆ.

ನನ್ನ ಗಂಡ ಮನೆಗೆ ಹೋಗಲಿಲ್ಲ. ಆಸ್ಪತ್ರೆಗೆ ಬಂದು, ರೋಗಿಗಳಂತೆ ಟೋಕನ್ ತೆಗೆದುಕೊಂಡು, ನನ್ನ ಕಿಟಕಿಯ ಸಾಲಿನಲ್ಲಿ ನಿಂತಿದ್ದರು. ನನಗೆ ಗೊತ್ತೇ ಆಗಲಿಲ್ಲ. ನೂರಾ ಹದಿನೇಳು ಎಂದು ಕರೆದು ಚೀಟಿಗೆ ಕೈ ಚಾಚಿದರೆ ಎದುರಿಗೆ ನೀಲಿ ಗೆರೆಯ ಅಂಗಿ. ‘ನನ್ನ ಕೆಲಸ ಹೋಯ್ತು ಕಣೇ’ ಎಂದರು. ಟೋಕನ್ನನ್ನು ಕಿಟಕಿಯೊಳಗೆ ಇಟ್ಟು, ‘ಕೇಕ್ ತಿಂದ್ವಲ್ಲೇ’ ಎಂದರು. ಹಿಂದಿದ್ದ ಮುದುಕಿ ಅವರ ಮುಖ ನೋಡಿ, ಏನೋ ದೊಡ್ಡ ಕಾಯಿಲೆಯಿರಬೇಕೆಂದು ಎರಡು ಹೆಜ್ಜೆ ಹಿಂದೆ ಸರಿದು ಜಾಗ ಕೊಟ್ಟಳು. ನಾನು ಕಿಟಕಿ ಮುಚ್ಚಿ ಹೊರಗೆ ಬಂದು ಅವರ ಪಕ್ಕ ಬೆಂಚಿನಲ್ಲಿ ಕುಳಿತೆ. ಹತ್ತೊಂಬತ್ತು ವರ್ಷಗಳಲ್ಲಿ ಯಾರಿಗೂ ಒಪ್ಪಿಸದೆ ಹೊತ್ತಿಗೆ ಮುಂಚೆ ಆ ಕಿಟಕಿ ಮುಚ್ಚಿದ್ದು ಅದೊಂದೇ ಸಲ.

ಕೆಲಸ ಹೋಗುವುದು ಲೋಕದಲ್ಲಿ ಇಲ್ಲದ್ದಲ್ಲ, ಮಾನ್ಯರೇ. ತೆಗೆದಿದ್ದೇವೆ ಎಂದು ಬರೆದಿದ್ದರೆ ಅವರು ಗುರುವಾರವೇ ಅತ್ತು, ಶುಕ್ರವಾರ ಬೈದು, ಶನಿವಾರ ಬೇರೆ ಕೆಲಸ ಹುಡುಕುತ್ತಿದ್ದರು. ತಾವು ಅವರಿಗೆ ನಾಲ್ಕು ದಿನದ ಸಂಭ್ರಮ ದಯಪಾಲಿಸಿದಿರಿ. ಆ ಸಂಜೆ ಅವರು ಅತ್ತೆಯ ಕೈಯಿಂದ ಫೋನ್ ತೆಗೆದುಕೊಂಡು ಏಳೂ ಮನೆಗಳಿಗೆ ಸ್ವತಃ ಕರೆ ಮಾಡಿ, ‘ಪ್ರಮೋಶನ್ ಅಲ್ಲ, ನನ್ನ ತೆಗೆದಿದಾರೆ, ನನಗೆ ಅರ್ಥ ಆಗಿರ್ಲಿಲ್ಲ’ ಎಂದು ಒಂದೇ ಮಾತನ್ನು ಏಳು ಸಲ ಹೇಳಿದರು. ಐದನೇ ಮನೆಯವರು ನಕ್ಕದ್ದು ನನಗೆ ಕೇಳಿಸಿತು. ಆಗ ತಾವು ನಮ್ಮ ಮನೆಯ ನಡುಕೋಣೆಯಲ್ಲಿ ನಿಂತು ಸಂತೋಷದ ಮೇಲ್ವಿಚಾರಣೆ ಮಾಡಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು.

ವಾರದ ಮೇಲೆ ನಾನು ಗಾರ್ಡಿಗೆ ಕೃತಜ್ಞತೆ ಹೇಳಲು ಹೋದೆ. ಅವರು ಜೇಬಿನಿಂದ ಒಂದು ಕಾಗದ ತೆಗೆದು, ‘ಆಫೀಸಿಂದ ಕೊಟ್ಟಿದಾರಮ್ಮ. ಓದೋಕೆ ಬರತ್ತೆ, ಅರ್ಥ ಆಗಲ್ಲ. ಹೊಗಳಿದಾರೋ ಬೈದಿದಾರೋ ನೋಡಿ ಹೇಳಿ’ ಎಂದರು. ಸಹಿ ನೋಡಬೇಕಾಗಲಿಲ್ಲ, ತಮ್ಮದೇ ಎಂದು ಗೊತ್ತಾಯಿತು. ಅವರ ನೇರ ಸಂವಹನವು ಬ್ರ್ಯಾಂಡಿನ ದನಿಯೊಂದಿಗೆ ಅಲೈನ್ ಆಗದಿರುವುದರಿಂದ, ಚಿಂತನೆಗೆ ಹೆಚ್ಚು ಅವಕಾಶವಿರುವ ಶಾಂತ ಪರಿಸರದಲ್ಲಿ ಸ್ವಂತ ಸಾಮರ್ಥ್ಯವನ್ನು ಮರುಶೋಧಿಸಲು ಅವರನ್ನು ಆಹ್ವಾನಿಸಲಾಗಿತ್ತು. ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಬೇಸ್‌ಮೆಂಟ್ ಎರಡು’ ಎಂದಿತ್ತು. ಆಗ ನನಗೆ, ಅಂದು ಸೋಫಾದ ಬಳಿ ಆ ಮನುಷ್ಯ ಬಾಯಿ ತೆರೆಯಲು ಎಷ್ಟು ಗಟ್ಟಿ ಮನಸ್ಸು ಮಾಡಿದ್ದಿರಬೇಕು ಎಂಬುದು ತಿಳಿಯಿತು. ‘ನಿಮ್ಮನ್ನ ಗೇಟಿಂದ ತೆಗೆದು ನೆಲಮಾಳಿಗೆಯ ಪಾರ್ಕಿಂಗಿಗೆ ಹಾಕಿದಾರೆ. ನಮ್ಮಿಂದ ಆಗಿದ್ದು’ ಎಂದೆ. ಅವರು ಕಾಗದ ಮಡಚಿ, ‘ನಿಮ್ಮಿಂದ ಏನಿಲ್ಲಮ್ಮ, ನಾ ಹೇಳಿದ್ದಕ್ಕೆ ಹಾಕಿದಾರೆ. ಮತ್ತೆ ಕೇಳಿದ್ರೂ ಹೇಳ್ತೀನಿ’ ಎಂದರು. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ, ಕಾರುಗಳ ಹೊಗೆ ಧಾರಾಳ. ಶಾಂತ ಪರಿಸರವೆಂದು ತಾವು ಬರೆದದ್ದು ಸುಳ್ಳಲ್ಲ. ಅಲ್ಲಿ ಮಾತಾಡಲು ಯಾರೂ ಇಲ್ಲ.

ಆದ್ದರಿಂದ ಮೊದಲ ವಿನಂತಿ: ಆ ಗಾರ್ಡನ್ನು ಏಳನೇ ಮಹಡಿಗೆ ಕರೆಸಿ ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಬೇಸ್‌ಮೆಂಟ್ ಎರಡರಲ್ಲಿ ಮರುಶೋಧನೆ ಮಾಡಿಕೊಳ್ಳಿ. ಅದಾಗದಿದ್ದರೆ ಒಂದು ದಿನ ನನ್ನ ಕಿಟಕಿಗೆ ಬನ್ನಿ. ಎದೆನೋವಿನವರು, ಮಗುವಿಗೆ ಜ್ವರವೆಂದು ಓಡಿ ಬಂದವರು ಸಾಲಿನಲ್ಲಿರುತ್ತಾರೆ. ಅವರ ಲಕೋಟೆಗಳ ಮೇಲೆ ‘ಈ ಗುಳಿಗೆಯೊಂದಿಗೆ ತಮ್ಮ ಪಯಣವನ್ನು ಸಂಭ್ರಮಿಸಿ’ ಎಂದು ತಮ್ಮ ಕೈಯಾರೆ ಬರೆಯಿರಿ. ಸಂಜೆಯವರೆಗೆ ಎಷ್ಟು ಮಂದಿ ಮುಂದಿನ ಅಧ್ಯಾಯ ತಲುಪುತ್ತಾರೆ ಎಂಬುದನ್ನು ತಾವೇ ಕಣ್ಣಾರೆ ನೋಡಬಹುದು.

ನನ್ನ ಗಂಡನ ವಿಷಯ ಕೇಳಿ ತಮಗೆ ನಿರಾಸೆಯಾದೀತು, ಆದರೂ ತಿಳಿಸುತ್ತೇನೆ. ಎರಡು ತಿಂಗಳ ನಂತರ ಅವರಿಗೆ ತೂಕದ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಏನು ಮಾಡುತ್ತೀರಿ ಎಂದು ಅಲ್ಲಿಯ ಯಜಮಾನತಿ ಕೇಳಿದಾಗ ಇವರು ಎಂದಿನ ಅಭ್ಯಾಸದಂತೆ ಬಾಯಿ ತೆರೆದು, ಮತ್ತೆ ಮುಚ್ಚಿ, ‘ತಪ್ಪು ಹುಡುಕ್ತೀನಿ’ ಎಂದರಂತೆ. ಮೊದಲ ಶನಿವಾರ ಆಕೆ ಕರೆದು, ‘ಮೂರು ಯಂತ್ರ ತಪ್ಪು ತೂಗ್ತಿದೆ, ನೀವು ಸರಿ ಅಂತ ಬರೆದಿದೀರಿ. ಸೋಮವಾರ ಎಲ್ಲಾ ಮತ್ತೆ ನೋಡಿ’ ಎಂದು ಎಲ್ಲರೆದುರು ಬೈದರು. ಇವರು ಮನೆಗೆ ಬಂದು ಊಟಕ್ಕೆ ಕುಳಿತು ಅದನ್ನು ಒಂದಕ್ಷರ ಬಿಡದೆ ಅತ್ತೆಗೆ, ಮಗಳಿಗೆ, ನನಗೆ ಬೇರೆಬೇರೆಯಾಗಿ ಹೇಳಿದರು. ಮೂರು ಯಂತ್ರ, ತಪ್ಪು ತೂಕ, ಸೋಮವಾರ. ಅಷ್ಟು ಹಿಗ್ಗನ್ನು ನಾನು ಅವರ ಮುಖದಲ್ಲಿ ವರ್ಷಗಳಿಂದ ಕಂಡಿರಲಿಲ್ಲ.

ಇನ್ನು ತಮ್ಮ ಬ್ಯಾಂಡ್‌ವಿಡ್ತ್, ಅಂದರೆ ಹೊತ್ತು, ತಿನ್ನುವುದಿಲ್ಲ.

ತಮ್ಮ ವಿಶ್ವಾಸಿ,
ಮೂರನೇ ಕಿಟಕಿಯವಳು

ತಾ.ಕ.: ‘ನಿಮ್ಮ ನಿರ್ಗಮನದ ಅನುಭವ ಹೇಗಿತ್ತು?’ ಎಂದು ತಾವು ಕಳಿಸಿದ ನಮೂನೆ ನಿನ್ನೆ ತಲುಪಿದೆ. ಅದರಲ್ಲಿ ಆರಿಸಲು ಕೊಟ್ಟಿರುವ ಐದು ಮುಖಗಳೂ ನಗುತ್ತಿವೆ. ಮೊದಲನೆಯದು ತುಸು ಕಡಿಮೆ ನಗುತ್ತದೆ, ಅಷ್ಟೇ. ನನ್ನ ಗಂಡ ಹಳೆಯ ಚಾಳಿಯಿಂದ ಅದನ್ನೊಂದು ಬಗ್ ಎಂದು ಗುರುತಿಸಿ, ಅಚ್ಚುಕಟ್ಟಾಗಿ ವರದಿ ಬರೆದು, ಕಳಿಸುವ ಮುನ್ನ ನೆನಪಾಗಿ ಅಳಿಸಿಹಾಕಿದರು. ಇನ್ನು ಮುಂದೆ ತಮ್ಮ ತಪ್ಪುಗಳನ್ನು ತಾವೇ ಹುಡುಕಿಕೊಳ್ಳತಕ್ಕದ್ದು.