ಮಾವನ ತಳಿ ಸುಧಾರಣೆ

ಬ್ರಹ್ಮ ನಮ್ಮ ಸೋದರಮಾವನನ್ನು ಕೇಳಿ ಮನುಷ್ಯರನ್ನು ಮಾಡಿದ್ದರೆ ಭೂಮಿಯ ಮೇಲೆ ಹತ್ತೇ ಜನ ಇರುತ್ತಿದ್ದರು. ನಾನಂತೂ ಇರುತ್ತಿರಲಿಲ್ಲ!

ಹಂಗಳದ ಸುತ್ತಮುತ್ತ ಹಸುಗಳಿಗೆ ಜಾತಿ ಹೋರಿಯ ಇಂಜೆಕ್ಷನ್ ಕೊಟ್ಟೂ ಕೊಟ್ಟೂ ನಿವೃತ್ತರಾದ ಮಾವನಿಗೆ ಕಂಡದ್ದೆಲ್ಲ ತಳಿಯೇ. ಮಗಳನ್ನು ನೋಡಲು ಗುಂಡ್ಲುಪೇಟೆಯಿಂದ ಗಂಡು ಬಂದಾಗ ಕೆಲಸ, ಸಂಬಳ ಒಂದನ್ನೂ ಕೇಳಲಿಲ್ಲ. "ಒಸಿ ಬಾಯ್ ತಗೀಯಪ್ಪ" ಎಂದರು. ಪಾಪ, ಹುಡುಗ ತೆಗೆದ. ಹಲ್ಲು ಎಣಿಸಿದರು! ಅವನ ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಸುಳಿನೂ ನೋಡ್ಬುಡಿ ಸ್ವಾಮಿ, ಆಮೇಲೆ ಮಾತು ಬ್ಯಾಡ" ಎಂದರು. ಮಾವ ನಿಜವಾಗಿಯೂ ಎದ್ದು ಹುಡುಗನ ನೆತ್ತಿ ನೋಡಿದರು. ಆಮೇಲೂ ಮದುವೆಯಾದದ್ದು ಆ ಹುಡುಗನ ದೊಡ್ಡ ಗುಣ.

ಇಂಥ ಮಾವನ ಬಲಗೈಯಲ್ಲಿ ಆರು ಬೆರಳು. ಊರವರು ಅದೃಷ್ಟ ಎನ್ನುತ್ತಿದ್ದರು. ಶಾಲೆಯಲ್ಲಿ "ಆರ್ಬೆರಳ" ಎಂದು ಕೂಗಿಸಿಕೊಂಡವರಿಗೆ ಎಲ್ಲಿಯ ಅದೃಷ್ಟ? ಹಸುಗಳ ಮುಂದೆ ಬಿಟ್ಟರೆ ಆ ಕೈ ಸದಾ ಜೇಬಿನಲ್ಲಿ. ಹಸುಗಳು ಎಣಿಸುವುದಿಲ್ಲವಲ್ಲ! ಯಾರಾದರೂ ಕೈಮುಗಿದರೆ ಬರೀ ತಲೆಯಾಡಿಸುತ್ತಿದ್ದರು. ಜಂಬದ ಮನುಷ್ಯ ಎಂದು ಜನ ಆಡಿಕೊಂಡರು.

ಮುಂದೆ ಮಕ್ಕಳನ್ನು ಹುಟ್ಟುವ ಮೊದಲೇ ಬೇಕಾದಂತೆ ತಿದ್ದಬಹುದಂತೆ ಎಂಬ ವಿಡಿಯೊ ಮಾವನ ಮೊಬೈಲಿಗೆ ಬಂತು. ಮಗಳಿಗೆ ಆಗಲೇ ಏಳು ತಿಂಗಳು. ಆದರೇನು? ಪಟ್ಟಿ ಬರೆದೇಬಿಟ್ಟರು: ಆರಡಿ ಎತ್ತರ, ಲೆಕ್ಕದಲ್ಲಿ ನೂರಕ್ಕೆ ನೂರು, ಅತ್ತೆಯ ತವರಿನ ಬಾಯಿ ಬೇಡ. ಕೊನೆಗೆ, ಎರಡು ಅಡಿಗೆರೆ ಎಳೆದು: ಬೆರಳು ಐದೇ.

"ನಿಮ್ಮವ್ವನೂ ಇಂಗೇ ಪಟ್ಟಿ ಬರ್ದಿದ್ರೆ ನೀವೆಲ್ಲಿ ಹುಟ್ತಿದ್ರಿ?" ಎಂದರು ಅತ್ತೆ.

"ನಾನು ಹುಟ್ದೆ ಇದ್ರೆ ನಿಂಗೇನು ಲಾಸು?"

"ಲಾಸಾ? ನೆಮ್ದಿ!"

ಮಗಳು ಮಾತ್ರ ನಗಲಿಲ್ಲ. "ಆರೇ ಬೆರಳಿದ್ರೆ ನೀನು ಮಗೂನ ಎತ್ಕಳಕಿಲ್ವಾ ಅಪ್ಪ?" ಎಂದಳು. ಮಾವ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬಲಗೈಯಲ್ಲಿ ಆರು! "ಪುಟ್ಟ ಬೆರಳು, ತೆಗೆಯೋದು ಸುಲಭ" ಎಂದರು ಡಾಕ್ಟರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಾವ ಜೇಬಿನಿಂದ ಕೈ ಹೊರತೆಗೆದರು. ಪಟ್ಟಿ ಬಂತು ಎಂದುಕೊಂಡೆ. ಬಂದದ್ದು ಬರಿಗೈ. ಮಗುವಿನ ಮುಂದೆ ಚಾಚಿದರು. ಅದು ಸರಿಯಾಗಿ ಆ ಆರನೆಯದನ್ನೇ ಹಿಡಿದುಕೊಂಡಿತು.

"ನೋವಿಲ್ಲ ಅಂದ್ರೆ ಇರ್ಲಿ ಬುಡಿ ಡಾಕ್ಟ್ರೇ" ಎಂದರು ಮಾವ. "ಬ್ಯಾಡ ಅನ್ಸಿದ್ರೆ ದೊಡ್ಡೋಳಾಗಿ ಅವ್ಳೇ ಹೇಳ್ಲಿ. ಹಸೂನ ಕೇಳ್ದೆ ಇಂಜೆಕ್ಷನ್ ಕೊಟ್ಟೆ. ಮಗೂನೂ ಕೇಳ್ದೆ ಕುಯ್ಯದಾ?"

ಮಗಳು ಅಳುತ್ತಲೇ ಮಗುವನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು.

ಹೊರಡುವಾಗ ಮಾವ ಡಾಕ್ಟರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ನಾನು ಕಂಡಂತೆ ಅದೇ ಮೊದಲು. ಹನ್ನೊಂದು ಬೆರಳೂ ಸೇರಿ ಮಾಡಿದ ನಮಸ್ಕಾರ. ಮೂರ್ಖನಂತೆ ಎಣಿಸುತ್ತ ನಿಂತಿದ್ದ ನನ್ನ ಕಣ್ಣು ತುಂಬಿ ಲೆಕ್ಕ ತಪ್ಪಿತು.